ಐದು ಗಂಟೆ ವಯಸ್ಸಿನ ಹಳೇ ಬೀಗ

ಬಾವಲಿಯ ಹಾಗೆ ತಲೆಕೆಳಗಾಗಿ ನೇತಾಡುತ್ತ ಅದು ಹುಟ್ಟಿತು. ಕೆಳಗೆ ತೊಟ್ಟಿಯಲ್ಲಿ ಬೂದುಬಣ್ಣದ ರೆಸಿನ್, ಹರಳೆಣ್ಣೆಗಿಂತ ತುಸು ತೆಳು. ಮೇಲಿಂದ ಒಂದು ಲೋಹದ ತಟ್ಟೆ ಅದರೊಳಗೆ ಮುಳುಗುತ್ತದೆ. ತೊಟ್ಟಿಯ ತಳದಿಂದ ಎರಡು ಮೂರು ಸೆಕೆಂಡು ನೇರಳೆ ಬೆಳಕು. ತಟ್ಟೆ ಪಚಕ್ಕನೆ ಮೇಲೇಳುತ್ತದೆ, ಮತ್ತೆ ಮುಳುಗುತ್ತದೆ. ಒಂದು ಸಲ ಮುಳುಗಿ ಎದ್ದರೆ 0.05 ಮಿಲಿಮೀಟರ್ ದಪ್ಪದ ಒಂದು ಪದರ. ನಮ್ಮ ಬೀಗದ ಎತ್ತರ 9 ಸೆಂಟಿಮೀಟರ್, ಅಂದರೆ 1800 ಪದರ. ಪದರಕ್ಕೆ ಹತ್ತು ಸೆಕೆಂಡಿನ ಲೆಕ್ಕದಲ್ಲಿ ಐದು ಗಂಟೆ. ಐದು ಗಂಟೆಯೂ ನಾನು ಅದರ ಮುಂದೆಯೇ ಕೂತಿದ್ದೆ.

“ಮಾವ, ಹಾಲು ಉಕ್ಕಿಹೋಗುತ್ತೆ ಅನ್ನೋ ಹಾಗೆ ಕಾಯ್ತಿದೀರಲ್ಲ, ಹೋಗಿ ಊಟ ಮಾಡ್ಕೊಂಡು ಬನ್ನಿ” ಎಂದ ಸೋದರಳಿಯ. ಅವನಿಗೆ ಈ 3ಡಿ ಮುದ್ರಣ ದಿನದ ಕೆಲಸ. ನನಗೆ ಮಾತ್ರ, ದ್ರವದೊಳಗಿಂದ ಒಂದು ಗಟ್ಟಿ ವಸ್ತು ಕೂದಲೆಳೆಗಿಂತ ತೆಳು ಹೆಜ್ಜೆಯಲ್ಲಿ ಹೊರಬರುವುದನ್ನು ಬಿಟ್ಟು ಅನ್ನದ ಮುಂದೆ ಕೂರಲು ಮನಸ್ಸಾಗಲಿಲ್ಲ.

ಬೀಗ ಬೇಕಾಗಿದ್ದದ್ದು ನಮ್ಮ ಹವ್ಯಾಸಿ ತಂಡದ ನಾಟಕಕ್ಕೆ. ಒಂದು ಕಣಜದ ಬಾಗಿಲು, ಅದಕ್ಕೊಂದು ಹಳೇ ಬೀಗ. ಎರಡನೇ ಅಂಕದಲ್ಲಿ ಮಗ ಅದನ್ನು ಕಿತ್ತು ಅಪ್ಪನ ಕಾಲ ಬುಡಕ್ಕೆ ಎಸೆಯುತ್ತಾನೆ. ಅಂಥ ಬೀಗ ನಮ್ಮ ಮನೆಯಲ್ಲೇ ಇದೆ. ತುಮಕೂರು ಕಡೆಯ ಊರ ಮನೆ ಅಣ್ಣತಮ್ಮಂದಿರ ಪಾಲಿನಲ್ಲಿ ಹರಿದು ಹಂಚಿಹೋದಾಗ ಅಮ್ಮನ ಟ್ರಂಕು ಸೇರಿ ಬೆಂಗಳೂರಿಗೆ ಬಂದದ್ದು. ಅಂಗೈಯಗಲದ ಕಬ್ಬಿಣ. ಬೀಗದ ಕೈ ಹಾಕುವ ತೂತಿನ ಮೇಲೆ ಅತ್ತಿತ್ತ ಸರಿಯುವ ಪುಟ್ಟ ಹಿತ್ತಾಳೆ ಮುಚ್ಚಳ. ಬೀಗದ ಕೈ ಎಂದೋ ಕಳೆದುಹೋಗಿ, ಕೊಂಡಿ ಅರೆತೆರೆದ ಹಾಗೇ ತುಕ್ಕು ಹಿಡಿದು ಕೂತಿದೆ. ತೂಗಿದರೆ ಒಂದು ಕಿಲೋಗೆ ಹತ್ತಿರ. ನಮ್ಮ ಪ್ಲೈವುಡ್ ಬಾಗಿಲಿಗೆ ಅದನ್ನು ಹಾಕಿದರೆ ಬಾಗಿಲೇ ವಾಲುತ್ತದೆ. ಎಸೆದರೆ ಅಪ್ಪನ ಪಾತ್ರಧಾರಿಯ ಹೆಬ್ಬೆರಳಿಗೆ ಗ್ಯಾರಂಟಿ ಇಲ್ಲ. ಹಾಗಾಗಿ ಸೋದರಳಿಯ ಅದರ ಸುತ್ತ ನೂರೈವತ್ತು ಫೋಟೊ ತೆಗೆದು, ಕಂಪ್ಯೂಟರಿಗೆ ಉಣಿಸಿ, ಅದರ ಆಕಾರವನ್ನು ಎಬ್ಬಿಸಿಕೊಟ್ಟ. ಬಣ್ಣದ ಕೆಲಸ ನನ್ನ ಪಾಲಿಗೆ ಬಂತು.

ಈ ತಾಪತ್ರಯ ಹೊಸದೇನೂ ಅಲ್ಲ. ರಂಗದ ಮೇಲೆ ಲೋಹದ ಭಾರದ ವಸ್ತುಗಳನ್ನು ತರಬೇಡಿ, ನಟರು ದಣಿಯುತ್ತಾರೆ ಎಂದು ಭರತನ ನಾಟ್ಯಶಾಸ್ತ್ರವೇ ಹೇಳಿದೆ. ಆಹಾರ್ಯಾಭಿನಯದ ಭಾಗದಲ್ಲಿ ‘ಪುಸ್ತ’ ಎಂಬ ಹೆಸರಿನಡಿ ಆಯುಧ, ರಥ, ಬೆಟ್ಟಗಳನ್ನೆಲ್ಲ ಹಗುರವಾಗಿ ಕಟ್ಟುವ ಬಗೆ ಬರುತ್ತದೆ. ಬಟ್ಟೆ, ಚಾಪೆ, ತೊಗಲು, ಅರಗು, ಬಿದಿರು ಅಲ್ಲಿನ ಸಾಮಗ್ರಿ. ಅರಗಿನ ಜಾಗದಲ್ಲಿ ನಮಗೀಗ ರೆಸಿನ್ ಬಂದಿದೆ, ಅಷ್ಟೇ. ಬೆಳಕು ಬಿದ್ದರೆ ಗಟ್ಟಿಯಾಗುವ ದ್ರವದಿಂದ ಪದರಪದರವಾಗಿ ವಸ್ತು ಕಟ್ಟುವ ಈ ಉಪಾಯಕ್ಕೆ ಅಮೆರಿಕದ ಚಕ್ ಹಲ್ 1984ರಲ್ಲಿ ಪೇಟೆಂಟ್ ಅರ್ಜಿ ಹಾಕಿದ, 1986ರಲ್ಲಿ ಅದು ಸಿಕ್ಕಿತು. ಅದಕ್ಕೂ ಮುಂಚೆ, 1983ರಲ್ಲಿ, ಅವನು ಮೊದಲು ಮಾಡಿ ನೋಡಿದ್ದು ಕಣ್ಣು ತೊಳೆಯುವ ಒಂದು ಪುಟ್ಟ ಬಟ್ಟಲು. ಕಣ್ಣು ತೊಳೆಯಲು ಹುಟ್ಟಿದ ವಿದ್ಯೆಯನ್ನು ನಾವು ಕಣ್ಣಿಗೆ ಮಣ್ಣೆರಚಲು ಬಳಸುತ್ತಿದ್ದೇವೆ. ಮುಂದೆ ಹೇಳುತ್ತೇನೆ, ಆ ನುಡಿಗಟ್ಟನ್ನು ನಾನು ಅಕ್ಷರಶಃ ಪಾಲಿಸಿದೆ.

ತೊಟ್ಟಿಯಿಂದ ಬಂದದ್ದನ್ನು ಕೈಗೆ ಗ್ಲೌಸ್ ಹಾಕಿ ಆಲ್ಕೋಹಾಲಿನಲ್ಲಿ ತೊಳೆದು (ಹಸಿ ರೆಸಿನ್ ಚರ್ಮಕ್ಕೆ ತಾಗಬಾರದು), ಇನ್ನಷ್ಟು ನೇರಳಾತೀತ ಬೆಳಕು ಕುಡಿಸಿ, ಆಧಾರಕ್ಕಿದ್ದ ಕಡ್ಡಿಗಳನ್ನು ಮುರಿದು, 220ರಿಂದ 1000ದವರೆಗೆ ವಾಟರ್ ಪೇಪರಿನಲ್ಲಿ ತಿಕ್ಕಿ, ಜೆ.ಸಿ. ರಸ್ತೆಯಿಂದ ತಂದ ಕಾರಿನ ಪ್ರೈಮರ್ ಹೊಡೆದು ಮೇಜಿನ ಮೇಲೆ ಇಟ್ಟೆ. ಪಕ್ಕದಲ್ಲಿ ಅಸಲಿ ಬೀಗ.

ಆಗ ಒಂದು ವಿಚಿತ್ರ ಕಂಡಿತು. ಎರಡರ ಆಕಾರದಲ್ಲಿ ನನ್ನ ಕಣ್ಣಿಗೆ ಎಳ್ಳಷ್ಟೂ ವ್ಯತ್ಯಾಸ ಕಾಣಲಿಲ್ಲ. ಅದೇ ಹೊಟ್ಟೆ, ಅದೇ ಕೊಂಡಿ, ಎಡಮೂಲೆಯಲ್ಲಿ ಯಾರೋ ಎಂದೋ ಕಲ್ಲಿನಿಂದ ಕುಟ್ಟಿದ ಅದೇ ತಗ್ಗು. ಆದರೂ ಬೂದು ಬೀಗವನ್ನು ನೋಡಿದ ಯಾರೂ ಅದನ್ನು ಬೀಗ ಎನ್ನಲಾರರು. ಬೀಗದ ಮಾದರಿ ಎಂದಾರು. ಅದರ ಮೈಮೇಲೆ ಏನೂ ನಡೆದಿರಲಿಲ್ಲ. ಮಳೆ ಬಿದ್ದಿರಲಿಲ್ಲ, ಬೆವರು ತಾಗಿರಲಿಲ್ಲ, ಸಂಜೆ ಕತ್ತಲಲ್ಲಿ ಬೀಗದ ಕೈ ತಡಕಾಡಿ ಗೀಚಿರಲಿಲ್ಲ. ಕಲ್ಲೇಟಿನ ತಗ್ಗು ಇತ್ತು, ಆದರೆ ಏಟು ಬಿದ್ದಿರಲಿಲ್ಲ. ನಾನು ಹಚ್ಚಬೇಕಾಗಿದ್ದದ್ದು ಬಣ್ಣವೆಂದು ತಿಳಿದಿದ್ದೆ. ನಡೆಯದೇ ಇದ್ದ ಸಂಗತಿಗಳನ್ನು ಒಂದೊಂದಾಗಿ ನಡೆಸಿಕೊಡಬೇಕಿತ್ತು.

ಮೊದಲ ಸಲ ಮಾಡಿದ್ದು ನಗೆಪಾಟಲು. ತುಕ್ಕು ಎಂದರೆ ಇಟ್ಟಿಗೆಗೆಂಪು ಎಂಬುದು ನನ್ನ ತಲೆಯಲ್ಲಿತ್ತು. ಇಡೀ ಬೀಗಕ್ಕೆ ಬಳಿದೆ. ಬಳಿದದ್ದು ಒಣಗಿದ ಮೇಲೆ ಅದು ನಮ್ಮ ಪಾರ್ಕುಗಳ ಸಿಮೆಂಟ್ ಬೆಂಚಿನ ಹಾಗೆ ಕಂಡಿತು. ಗೊತ್ತಲ್ಲ, ಮರದ ದಿಮ್ಮಿಯ ಹಾಗೆ ಗೆರೆ ಕೊರೆದು, ಉಂಗುರ ಬರೆದು, ಮೇಲಿಂದ ಕೆಳಗಿನವರೆಗೆ ಒಂದೇ ಕಂದು ಬಳಿದಿರುತ್ತಾರೆ. ಅದನ್ನು ಮರವೆಂದು ನಂಬಿದ ಒಂದು ಮಗುವನ್ನೂ ನಾನು ನೋಡಿಲ್ಲ.

ಹಾಗಾಗಿ ಅಸಲಿ ಬೀಗವನ್ನು ನೋಡಲು ಶುರುಮಾಡಿದೆ. ಐವತ್ತು ವರ್ಷದಿಂದ ಕಣ್ಣೆದುರಿಗಿದ್ದ ವಸ್ತು. ಚಿಕ್ಕವನಿದ್ದಾಗ ಅದಕ್ಕೆ ನೇತುಬಿದ್ದು ಬೈಸಿಕೊಂಡಿದ್ದೇನೆ. ಆದರೂ ಅದರಲ್ಲಿ ಒಂದಲ್ಲ, ಐದಾರು ತುಕ್ಕುಗಳಿವೆ ಎಂಬುದು ಆವತ್ತಿನವರೆಗೆ ಕಂಡಿರಲಿಲ್ಲ. ಈಚೆಗೆ ನೀರು ತಾಗಿದ ಕಡೆ ಅರಿಶಿನ ಕಲೆಸಿದಂಥ ಕಿತ್ತಳೆ. ಅದರ ಒಳಸುತ್ತಿಗೆ ಬೆಲ್ಲದ ಪಾಕದ ಬಣ್ಣ. ತಲೆಮಾರುಗಳಷ್ಟು ಹಳೆಯ ಕಡೆ ಹೆಚ್ಚುಕಮ್ಮಿ ಕಪ್ಪು, ಕಮ್ಮಾರಸಾಲೆಯ ಕಿಟ್ಟದ ಹಾಗೆ. ಕಬ್ಬಿಣ ತುಕ್ಕಾದಾಗ ಮೂಲಕ್ಕಿಂತ ಹೆಚ್ಚು ಜಾಗ ಬೇಡುತ್ತದೆಯಾದ್ದರಿಂದ ಅಲ್ಲಲ್ಲಿ ಮೈ ಉಬ್ಬಿ ಹಪ್ಪಳದಂತೆ ಎದ್ದಿತ್ತು. ಫೋಟೊಗಳಿಗೆ ಆ ಉಬ್ಬುಗಳು ಸಿಕ್ಕಿರಲಿಲ್ಲ. ಅಂಟಿನಲ್ಲಿ ಅಡಿಗೆ ಸೋಡಾ ಕಲೆಸಿ ಚುಕ್ಕೆಚುಕ್ಕೆಯಾಗಿ ಇಟ್ಟು ಅವನ್ನು ನಾನೇ ಎಬ್ಬಿಸಬೇಕಾಯಿತು. ಹಿತ್ತಾಳೆ ಮುಚ್ಚಳದ ಸುತ್ತ ತುಕ್ಕು ಬೇರೆಲ್ಲ ಕಡೆಗಿಂತ ದಟ್ಟವಾಗಿತ್ತು. ಯಾಕೆಂದು ಯೋಚಿಸಿದರೆ ಶಾಲೆಯ ರಸಾಯನಶಾಸ್ತ್ರ ನೆನಪಾಯಿತು: ಹಿತ್ತಾಳೆಯೂ ಕಬ್ಬಿಣವೂ ಒದ್ದೆಯಲ್ಲಿ ಒಂದಕ್ಕೊಂದು ತಾಗಿದ್ದರೆ ಸವೆಯುವ ಸರದಿ ಕಬ್ಬಿಣದ್ದು. ಹಿತ್ತಾಳೆ ತಾನು ಚೆನ್ನಾಗಿದ್ದು ಪಕ್ಕದವನನ್ನು ತಿನ್ನಿಸಿಬಿಡುತ್ತದೆ. ಕನ್ನಡಕ್ಕೆ ಇದು ಗೊತ್ತಿದ್ದ ಹಾಗಿದೆ. ಕಬ್ಬಿಣಕ್ಕೆ ಹಿಡಿಯುವುದು ತುಕ್ಕು, ಹಿತ್ತಾಳೆ ತಾಮ್ರಕ್ಕೆ ಹಿಡಿಯುವುದು ಕಿಲುಬು. ಹುಣಸೆಹಣ್ಣು ಹಾಕಿ ತಿಕ್ಕಿದರೆ ಕಿಲುಬು ಹೋಗುತ್ತದೆ, ಲೋಹ ಉಳಿಯುತ್ತದೆ. ತುಕ್ಕನ್ನು ತಿಕ್ಕಿ ತೆಗೆದಷ್ಟೂ ಕಬ್ಬಿಣವೇ ಕಡಿಮೆಯಾಗಿರುತ್ತದೆ.

ಎರಡನೇ ಸಲ ಬಣ್ಣಗಳೆಲ್ಲ ಸರಿಯಾದವು. ಆದರೂ ಏನೋ ಎಡವಟ್ಟು. ಮಧ್ಯಾಹ್ನವಿಡೀ ತಿರುಗಿಸಿ ತಿರುಗಿಸಿ ನೋಡಿದ ಮೇಲೆ ಗೊತ್ತಾಯಿತು: ತುಕ್ಕಿನ ನೀರು ಇಳಿದ ಗೆರೆಗಳನ್ನು ನಾನು ಬೀಗವನ್ನು ಮೇಜಿನ ಮೇಲೆ ಮಲಗಿಸಿಕೊಂಡು ಬರೆದಿದ್ದೆ. ಗೆರೆಗಳು ನಾಲ್ಕೂ ದಿಕ್ಕಿಗೆ ಹರಿದಿದ್ದವು. ಬೀಗ ಮಲಗುವುದಿಲ್ಲ, ನೇತಾಡುತ್ತದೆ. ಮಳೆ ಬಾಗಿಲ ಮೇಲಿಂದ ಇಳಿದು, ಕೊಂಡಿಯ ಬುಡದ ಎರಡು ತೂತುಗಳಲ್ಲಿ ನಿಂತು, ಅಲ್ಲಿಂದ ಸೋರಿ ಹೊಟ್ಟೆಯ ಮೇಲೆ ಎರಡು ಕಣ್ಣೀರ ಗೆರೆ ಎಳೆದಿರುತ್ತದೆ. ಅಸಲಿಯಲ್ಲಿ ಹಾಗೇ ಇತ್ತು. ಬಲಗಡೆಯ ಗೆರೆ ಎಡಗಡೆಯದಕ್ಕಿಂತ ದಪ್ಪ, ಎರಚಲು ಆ ಕಡೆಯಿಂದ ಹೊಡೆಯುತ್ತಿದ್ದಿರಬೇಕು. ಕೊಂಡಿಯ ಒಳಮೈಯಲ್ಲಿ ಚಿಲಕ ಉಜ್ಜಿ ಉಜ್ಜಿ ಬೆಳ್ಳಗೆ ಹೊಳೆಯುವ ಒಂದು ಸಣ್ಣ ಕಾಲುವೆ. ಅಂಚುಗಳು ಸವೆದಿದ್ದವು, ಎಲ್ಲ ಅಂಚುಗಳೂ ಅಲ್ಲ. ಹೆಬ್ಬೆರಳು ಒತ್ತುವ ಕಡೆ ಮಾತ್ರ. ಒಣಕುಂಚದಿಂದ ಬಣ್ಣ ಸವರುವ ‘ಡ್ರೈ ಬ್ರಶ್’ ಕಲಿತ ಹೊಸದರಲ್ಲಿ ಎಲ್ಲರೂ ಮಾಡುವ ತಪ್ಪು ಇದು, ಸಿಕ್ಕ ಸಿಕ್ಕ ಅಂಚಿಗೆಲ್ಲ ಬೆಳ್ಳಿ ಬಣ್ಣ ಸವರುವುದು. ಜಗತ್ತಿನಲ್ಲಿ ಯಾವ ವಸ್ತುವೂ ಎಲ್ಲ ಕಡೆ ಸಮನಾಗಿ ಹಳತಾಗುವುದಿಲ್ಲ.

ಸುಳ್ಳು ಸಾಕ್ಷಿ ಹೇಳುವವನ ಪಾಡು ಇದೇ ಇರಬೇಕು. ನಿಜ ಸಾಕ್ಷಿ ಮರೆತರೂ ನಡೆಯುತ್ತದೆ, ಅವನು ಅಲ್ಲಿದ್ದದ್ದಂತೂ ಹೌದು. ಸುಳ್ಳು ಸಾಕ್ಷಿ ಮಾತ್ರ ಆವತ್ತು ಗಾಳಿ ಯಾವ ಕಡೆಯಿಂದ ಬೀಸಿತ್ತು ಎಂಬುದನ್ನೂ ತಿಳಿದಿರಬೇಕು. ನಮ್ಮೂರ ಮನೆಯ ಬಾಗಿಲು ಯಾವ ದಿಕ್ಕಿಗಿತ್ತು ಎಂದು ಅಮ್ಮನನ್ನು ನಾನು ಕೇಳಿದ್ದು ಆಗಲೇ, ಈ ಪ್ಲಾಸ್ಟಿಕ್ಕಿನ ನಿಮಿತ್ತ. “ಪಡುವಲಕ್ಕೆ. ಮುಂಗಾರು ಹೊಡೆದ್ರೆ ಹೊಸ್ತಿಲು ದಾಟಿ ನೀರು ಬರ್ತಿತ್ತು” ಎಂದರು.

ಈ ಕಸುಬಿನಲ್ಲಿ ನನ್ನ ಬಾಯಿ ಮುಚ್ಚಿಸಿದ ಗಳಿಗೆಗಳು ಎರಡು.

ಒಂದು, ಪೆನ್ಸಿಲ್ ಪುಡಿ. ಕಬ್ಬಿಣದ ಬಣ್ಣ ಎಂದು ಡಬ್ಬಿಯಲ್ಲಿ ಬರುವುದು ಯಾವುದೂ ಕಬ್ಬಿಣದ ಹಾಗಿರುವುದಿಲ್ಲ; ತಗಡಿನ ಹಾಗೆ ಥಳಥಳಿಸುತ್ತದೆ. ಅದರ ಬದಲು ಮಂಕು ಕಪ್ಪು ಬಣ್ಣ ಹೊಡೆದು, ಒಣಗಿದ ಮೇಲೆ 6ಬಿ ಪೆನ್ಸಿಲಿನ ಸೀಸವನ್ನು ಪುಡಿಮಾಡಿ ಹೆಬ್ಬೆರಳಿನಿಂದ ಉಜ್ಜಬೇಕು. ಸೀಸ ಎನ್ನುತ್ತೇವೆ, ಅದು ಗ್ರಾಫೈಟ್, ಇದ್ದಿಲಿನ ಸೋದರ. ಉಜ್ಜಿದೆ. ಮೂರನೆಯದೋ ನಾಲ್ಕನೆಯದೋ ಉಜ್ಜಿನಲ್ಲಿ, ಬೆರಳಿನ ಅಡಿಯಲ್ಲೇ, ಪ್ಲಾಸ್ಟಿಕ್ ಹೋಗಿ ಕಬ್ಬಿಣ ಬಂತು. ಬೇರೆ ಮಾತು ನನಗೆ ಗೊತ್ತಿಲ್ಲ. ಆ ತಣ್ಣನೆಯ ಕಪ್ಪು ಮಿರುಗು, ತಿರುಗಿಸಿದ ಹಾಗೆ ಮೈಮೇಲೆ ಜಾರುವ ಮಸುಕು ಬೆಳಕು. ನಾನೇ ಉಜ್ಜಿದ್ದು, ನಾನೇ ನೋಡಿದ್ದು. ಆದರೂ ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ನಿಂತೆ.

ಇನ್ನೊಂದು, ತುಕ್ಕೇ. ಸೋದರಳಿಯ ಪೀಣ್ಯದ ಒಂದು ಲೇತ್ ಶೆಡ್ಡಿನಿಂದ ಒಂದು ಹಿಡಿ ಕಬ್ಬಿಣದ ಅರಪುಡಿ ತಂದುಕೊಟ್ಟ. ಅದನ್ನು ಮಂಕು ವಾರ್ನಿಶ್ಶಿನಲ್ಲಿ ಕಲೆಸಿ ಉಬ್ಬುಗಳ ಮೇಲೆ ಸವರಿ, ಒಣಗಿದ ಮೇಲೆ ಮೇಲುಮೇಲೆ ತಿಕ್ಕಿ ಪುಡಿಯನ್ನು ಗಾಳಿಗೆ ಒಡ್ಡಿ, ವಿನಿಗರಿನಲ್ಲಿ ಉಪ್ಪು ಕರಗಿಸಿ ಚಿಮುಕಿಸಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ತುಕ್ಕು ಬಂದಿತ್ತು. ಬಣ್ಣದ ತುಕ್ಕಲ್ಲ, ಬೆರಳಿಗೆ ಅಂಟುವ, ಮೂಗಿಗೆ ಹಳೇ ಕೊಳಾಯಿಯ ವಾಸನೆ ಹೊಡೆಯುವ ತುಕ್ಕು. ರೋಗ ನಿಜ, ರೋಗಿ ಮಾತ್ರ ಸುಳ್ಳು! ಇದನ್ನು ನಕಲಿ ಎನ್ನುವುದು ಹೇಗೆ ಎಂದು ಹಲ್ಲುಜ್ಜುತ್ತ ಯೋಚಿಸಿದೆ. ಬೀದರಿನ ಕಸುಬಿಗಳೂ ಮಾಡುವುದು ಇಂಥದೇ ಒಂದನ್ನು. ಸತುವಿಗೆ ತುಸು ತಾಮ್ರ ಬೆರೆಸಿದ ಪಾತ್ರೆಗೆ ಬೆಳ್ಳಿ ಕೂರಿಸಿ, ಕೋಟೆಯೊಳಗಿನ ಹಳೇ ಮಣ್ಣನ್ನೂ ನವಸಾಗರವನ್ನೂ ಕಲೆಸಿ ಹಚ್ಚುತ್ತಾರೆ. ಪಾತ್ರೆ ಕಡುಗಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬಹುಕಾಲ ಹಿಡಿಯಬೇಕಾದ ಕಪ್ಪನ್ನು ಅವರು ಕಣ್ಣೆದುರೇ ಬರಿಸಿಕೊಳ್ಳುತ್ತಾರೆ, ನಾವು ಅದಕ್ಕೆ ಕಲೆ ಎಂದು ಕೈಮುಗಿಯುತ್ತೇವೆ. ನಾನೂ ಕೊನೆಗೆ ಮಣ್ಣಿಗೇ ಬಂದೆ. ಊರ ಕಡೆಯ ಕೆಮ್ಮಣ್ಣು ಒಂದು ಡಬ್ಬಿಯಲ್ಲಿತ್ತು. ಅದನ್ನು ವಸ್ತ್ರಗಾಳಿಸಿ, ಸಂದುಗೊಂದುಗಳಿಗೆ ಎರಚಿ ಊದಿದೆ. ಕಣ್ಣಿಗೆ ಮಣ್ಣೆರಚುವುದೆಂದರೆ ಇದೇ. ಒಂದಿಷ್ಟು ನನ್ನ ಕಣ್ಣಿಗೂ ಬಿತ್ತು.

ವಸ್ತು ಇನ್ನೊಂದು ವಸ್ತುವಿನ ವೇಷ ಹಾಕುವುದು ಮೋಸಕ್ಕೇ ಇರಬೇಕೆಂದಿಲ್ಲ. ಐಹೊಳೆಯ ಲಾಡ್‌ಖಾನ್ ಗುಡಿಯ ಮಾಡಿನ ಮೇಲೆ ಹಾಸುಗಲ್ಲುಗಳ ಸಂದುಗಳಿಗೆ ಉದ್ದುದ್ದ ಕಲ್ಲಿನ ಪಟ್ಟಿಗಳನ್ನು ಹೊದಿಸಿದ್ದಾರೆ, ಮರದ ಮನೆಗೆ ಪಟ್ಟಿ ಹೊಡೆದ ಹಾಗೆ. ಅಲ್ಲಿ ಕಲ್ಲು ಯಾರಿಗೂ ಮೋಸಮಾಡುತ್ತಿಲ್ಲ. ತಾನು ಬರುವ ಮುಂಚೆ ಇದ್ದ ಮರವನ್ನು ನೆನೆಯುತ್ತಿದೆ. ಹಂಪಿಯ ಕಲ್ಲಿನ ರಥವೂ ಹಾಗೇ. ಯಕ್ಷಗಾನದ ಕಿರೀಟದ ದಾರಿ ಇನ್ನೂ ಬೇರೆ. ಹಗುರ ಮರಕ್ಕೆ ಬೇಗಡೆ, ಕನ್ನಡಿ ಚೂರು. ಬೆಳಕಿಗೆ ಅದು ಚಿನ್ನಕ್ಕಿಂತ ಹೆಚ್ಚು ಹೊಳೆಯುತ್ತದೆ. ಚಿನ್ನವೋ ಅಲ್ಲವೋ ಎಂದು ನೋಡುವವರು ಯಾರೂ ಕೇಳಿಕೊಳ್ಳುವುದಿಲ್ಲ. ನಮ್ಮ ಬೀಗಕ್ಕೆ ಆ ಧೈರ್ಯವಿಲ್ಲ. ಯಾರೂ ತನ್ನನ್ನು ಗಮನಿಸಬಾರದು ಎಂಬುದೇ ಅದರ ಆಸೆ.

ಈ ಕಸುಬಿನ ಜಗತ್ತಿನಲ್ಲಿ ನನಗೆ ಅತ್ಯಂತ ತಮಾಷೆ ಎನಿಸುವ ಕಥೆ ‘ಸ್ಟಾರ್ ವಾರ್ಸ್’ ಬೆಳಕಿನ ಕತ್ತಿಯದು. 1977ರ ಆ ಚಿತ್ರದಲ್ಲಿ ಆಕಾಶನೌಕೆಗಳೂ ಯಂತ್ರಗಳೂ ಬಳಸಿ ಹಳತಾದಂತೆ, ಎಣ್ಣೆಜಿಡ್ಡು ಹಿಡಿದಂತೆ ಕಾಣಬೇಕೆಂದು ನಿರ್ದೇಶಕ ಜಾರ್ಜ್ ಲ್ಯೂಕಸ್ ಬಯಸಿದ. ಹಣ ಕಮ್ಮಿ. ಸೆಟ್ ಅಲಂಕಾರದ ರೋಜರ್ ಕ್ರಿಶ್ಚಿಯನ್ ಲಂಡನ್ನಿನ ಒಂದು ಕ್ಯಾಮೆರಾ ಅಂಗಡಿಯಲ್ಲಿ ಸಿಕ್ಕ ಹಳೇ ಗ್ರಾಫ್‌ಲೆಕ್ಸ್ ಫ್ಲ್ಯಾಶಿನ ಹಿಡಿಯನ್ನೇ ನಾಯಕನ ಕತ್ತಿಹಿಡಿ ಮಾಡಿದ. ಗುರು ಓಬಿವಾನನ ಕತ್ತಿಹಿಡಿಯಲ್ಲಂತೂ ಜೆಟ್ ಎಂಜಿನ್ನಿನ ಕೊಳವೆ, ಮೊದಲ ಮಹಾಯುದ್ಧದ ರೈಫಲ್ ಗ್ರೆನೇಡು, ನಲ್ಲಿಯ ತಿರುಪು ಎಲ್ಲವೂ ಸೇರಿವೆ. ಗುಜರಿಯನ್ನು ಮಾಯದ ಆಯುಧವಾಗಿ ಕಾಣಿಸಿದ್ದರು ಅವರು. ಇವತ್ತು ಅದೇ ಕತ್ತಿಹಿಡಿಯನ್ನು ಹುಡುಗರು ರೆಸಿನ್ನಿನಲ್ಲಿ ಅಚ್ಚಿಳಿಸಿ, ವಾರಗಟ್ಟಲೆ ಕೂತು ಬಣ್ಣ ಹಚ್ಚುತ್ತಾರೆ. ಮಾಯದ ಆಯುಧವನ್ನು ಮತ್ತೆ ನಲ್ಲಿಯ ತಿರುಪಿನ ಹಾಗೆ ಕಾಣಿಸಲು! ನನ್ನ ಸೋದರಳಿಯನ ಕಪಾಟಿನಲ್ಲೂ ಒಂದಿದೆ. ಆ ತಿರುಪಿನ ಮೇಲಿನ ಸವೆತವನ್ನು ಅವನು ತೋರಿಸುವಾಗ ಕೊಡುವ ವಿವರಣೆ ಕೇಳಿದರೆ, ಯಾವ ಸ್ನಾನದಮನೆಯಲ್ಲಿ ಅದು ಎಷ್ಟು ವರ್ಷ ಇತ್ತು ಎಂಬುದೂ ಅವನಿಗೆ ಗೊತ್ತಿದ್ದ ಹಾಗಿರುತ್ತದೆ.

ತಾಲೀಮಿಗೆ ಬೀಗ ಒಯ್ಯುವ ದಿನ ಬೆಳಿಗ್ಗೆ, ಆತುರದಲ್ಲಿದ್ದೆ. ಮೇಜಿನ ಮೇಲಿನಿಂದ ಅದನ್ನು ಎತ್ತಿದೆ, ಕೈ ಜಿಗಿದು ಎದೆಯ ಮಟ್ಟಕ್ಕೆ ಬಂತು. ಕತ್ತಲಲ್ಲಿ ಇಲ್ಲದ ಮೆಟ್ಟಿಲನ್ನು ಹತ್ತಲು ಕಾಲೆತ್ತಿದ ಹಾಗೆ. ಮೂರು ವಾರ ಅದನ್ನು ಕೈಯಲ್ಲೇ ಹಿಡಿದು ಕೆಲಸ ಮಾಡಿದವನು ನಾನು, ಅದರ ತೂಕ ನೂರಿಪ್ಪತ್ತು ಗ್ರಾಂ ಎಂದು ಬಲ್ಲವನು. ಆದರೂ ಕಣ್ಣು ತೋಳಿಗೆ ನನ್ನ ಕೇಳದೆಯೇ ಒಂದು ಕಿಲೋ ಎಂದು ಹೇಳಿಕಳಿಸಿಬಿಟ್ಟಿತ್ತು. ಚಿಪ್ಪನ್ನು ಬೆಳ್ಳಿಯೆಂದು ಭ್ರಮಿಸುವ ದೃಷ್ಟಾಂತವನ್ನು ಶಂಕರರು ತಮ್ಮ ಭಾಷ್ಯದ ಮೊದಲಲ್ಲೇ ತರುತ್ತಾರೆ. ಚಿಪ್ಪೆಂದು ತಿಳಿದ ಮೇಲೆ ಬೆಳ್ಳಿ ಉಳಿಯುವುದಿಲ್ಲ ಎಂಬುದು ಅಲ್ಲಿನ ನ್ಯಾಯ. ನನಗೆ ಚಿಪ್ಪು ಗೊತ್ತಿತ್ತು, ಚಿಪ್ಪನ್ನು ಬೆಳ್ಳಿ ಮಾಡಿದವನೂ ನಾನೇ, ಬೆಳ್ಳಿ ಮಾತ್ರ ಹೋಗಲಿಲ್ಲ. ಮೈಗೆ ಅದರದೇ ಒಂದು ತಿಳಿವಳಿಕೆ ಇರುತ್ತದೆ, ಅದು ಭಾಷ್ಯ ಓದಿಕೊಂಡಿರುವುದಿಲ್ಲ.

ತಾಲೀಮಿನಲ್ಲಿ ಇನ್ನೊಂದು ಫಜೀತಿ. ಮಗನ ಪಾತ್ರದ ಹುಡುಗ ಬೀಗವನ್ನು ಕಿತ್ತು ಬಾಳೆಹಣ್ಣಿನ ಸಿಪ್ಪೆಯ ಹಾಗೆ ಬಿಸಾಡಿದ. ನನ್ನ ಮೂರು ವಾರದ ತುಕ್ಕು ಆ ಒಂದು ಬೀಸಿನಲ್ಲಿ ನೀರಾಯಿತು. ನಿರ್ದೇಶಕರು “ಎರಡನೇ ಸಾಲಿನವರಿಗೆ ನಿಮ್ಮ ತುಕ್ಕು ಕಾಣಲ್ಲ ಸಾರ್, ಅವನ ಭುಜ ಕಾಣುತ್ತೆ” ಎಂದರು. ಆಗ ನನಗೆ ಊರ ಕುರುಕ್ಷೇತ್ರ ನಾಟಕದ ಭೀಮನ ಗದೆ ನೆನಪಾಯಿತು. ಸೀನರಿಯವರು ಬಾಡಿಗೆಗೆ ತಂದ ಗದೆ. ಮಧ್ಯರಾತ್ರಿ ಪರದೆಯ ಹಿಂದೆ ನುಸುಳಿ ಮುಟ್ಟಿದ್ದೆ; ಕಾಗದ, ಗೋಂದು, ಚಿನ್ನದ ಬಣ್ಣ. ಒಂದೇ ಕೈಯಲ್ಲಿ ಎತ್ತಿದೆ. ಹತ್ತು ನಿಮಿಷ ಬಿಟ್ಟು ಅದೇ ಗದೆಯನ್ನು ಭೀಮ ರಂಗದ ಮೇಲೆ ಹೆಗಲಿಗೇರಿಸಿದಾಗ ಅವನ ಮೊಣಕಾಲು ಕುಸಿಯಿತು, ಕುತ್ತಿಗೆಯ ನರ ಉಬ್ಬಿತು, ಹಲಗೆ ಕಿರ್ರೆಂದಿತು. ನಾನು ಬಾಯಿಬಿಟ್ಟು ನೋಡುತ್ತ ಕೂತೆ. ಹಗಲಿನಲ್ಲಿ ಅವರು ಊರಿನ ಶಾನುಭೋಗರು, ಬಡಕಲು ಮನುಷ್ಯ.

ಮಾರನೆಯ ದಿನ ಅಸಲಿ ಬೀಗವನ್ನು ಚೀಲದಲ್ಲಿ ಹೊತ್ತು ಹೋದೆ. ಹುಡುಗನ ಕೈಯಲ್ಲಿ ಅದನ್ನು ಇಟ್ಟು, “ಹತ್ತು ಸಲ ಎತ್ತು, ಹತ್ತು ಸಲ ಎಸೆಯೋ ಹಾಗೆ ಬೀಸು, ಎಸೀಬೇಡ” ಎಂದೆ. ಐದನೆಯ ಸಲಕ್ಕೆ ಅವನ ಮಣಿಕಟ್ಟು ತಗ್ಗತೊಡಗಿತು, ಎಸೆಯುವ ಮುಂಚೆ ಒಂದು ಕಾಲು ತಾನಾಗಿ ಹಿಂದಕ್ಕೆ ಹೋಯಿತು. ಆಮೇಲೆ ಪ್ಲಾಸ್ಟಿಕ್ಕಿನದನ್ನು ಕೊಟ್ಟೆವು. ಅವನ ಮೈ ಇನ್ನೂ ಕಬ್ಬಿಣವನ್ನೇ ಎತ್ತುತ್ತಿತ್ತು.

ಬಣ್ಣದಲ್ಲಿ ಒಂದು ಕಡೆ ಮಾತ್ರ ನಾನು ಸೋತಿದ್ದೆ. ಅಸಲಿ ಬೀಗದ ಹಿತ್ತಾಳೆ ಮುಚ್ಚಳದ ಕೆಳಗೆ, ತೂತಿನ ಸುತ್ತ, ಒಂದು ಕಪ್ಪು ವೃತ್ತ ಇದೆ. ಮಸಿಯೂ ಅಲ್ಲ, ತುಕ್ಕೂ ಅಲ್ಲ. ಒದ್ದೆಯಂತೆ ಕಾಣುತ್ತದೆ, ಮುಟ್ಟಿದರೆ ಒಣಕಲು. ಕಪ್ಪು ವಾಶ್ ಕೊಟ್ಟೆ, ಕಂದು ಬೆರೆಸಿದೆ, ವಾರ್ನಿಶ್ ಇಟ್ಟೆ. ಏನು ಮಾಡಿದರೂ ಅದು ಬಣ್ಣವಾಗಿಯೇ ಉಳಿಯಿತು. ಕೊನೆಗೆ ಎರಡನೇ ಸಾಲಿಗೆ ಕಾಣುವುದಿಲ್ಲ ಎಂಬ ನಿರ್ದೇಶಕರ ಮಾತನ್ನೇ ನೆಪ ಮಾಡಿಕೊಂಡು ಬಿಟ್ಟುಬಿಟ್ಟೆ.

ಮೂರು ಪ್ರದರ್ಶನ ಮುಗಿದ ಮೇಲೆ ಬೀಗ ಮನೆಗೆ ವಾಪಸು ಬಂತು. ಹಜಾರದ ಕಿಟಕಿಯ ಮೇಲೆ ಎರಡೂ ಅಕ್ಕಪಕ್ಕ ಕೂತಿದ್ದವು. ಒಂದು ಸಂಜೆ ನಾನು ಬರುವಷ್ಟರಲ್ಲಿ ಅಮ್ಮ ಕಿಟಕಿಯ ಹತ್ತಿರ ಸ್ಟೂಲು ಎಳೆದುಕೊಂಡು ಕೂತಿದ್ದರು. ಮಡಿಲಲ್ಲಿ ನನ್ನ ಬೀಗ. ಪಕ್ಕದಲ್ಲಿ ಹರಳೆಣ್ಣೆ ಬಟ್ಟಲು. ಹಕ್ಕಿಗರಿಯೊಂದನ್ನು ಎಲ್ಲಿಂದ ಹುಡುಕಿದ್ದರೋ, ಎಣ್ಣೆಯಲ್ಲಿ ಅದ್ದಿ, ಮುಚ್ಚಳದ ಬುಡದಲ್ಲಿ ತೂತಿಗೆ ಬಿಡುತ್ತಿದ್ದರು.

“ಅಮ್ಮ, ಅದು ಪ್ಲಾಸ್ಟಿಕ್ಕು.”

“ಗೊತ್ತು ಕಣೋ. ಎತ್ತಿದ್ರೆ ಗೊತ್ತಾಗಲ್ವಾ?” ಎಂದರು, ಗರಿಯನ್ನು ನಿಲ್ಲಿಸದೆ. “ಹಿಂಗೆ ತುಕ್ಕು ಹಿಡಿಸಿ ಇಟ್ಟಿದೀಯ. ನೋಡ್ತಾ ನೋಡ್ತಾ ಸುಮ್ನೆ ಕೂರಕ್ಕಾಗುತ್ತಾ?”

ಎಣ್ಣೆ ಹರಿದು ನನ್ನ ಕೆಮ್ಮಣ್ಣನ್ನು ಕುಡಿದು ಮುಚ್ಚಳದ ಸುತ್ತ ಹರಡಿತು. ಹಾಳಾಯಿತು ಎಂದುಕೊಂಡೆ, ಒರೆಸಲು ಹೋಗಿ ಬಟ್ಟೆ ಸಿಗದೆ ಸುಮ್ಮನಾದೆ. ಅದಾಗಿ ಎರಡು ತಿಂಗಳಾಗಿದೆ. ನಮ್ಮದು ರಸ್ತೆ ಬದಿಯ ಮನೆ, ಧೂಳು ಜಾಸ್ತಿ. ತೂತಿನ ಸುತ್ತ ಈಗ ಒಂದು ಕಪ್ಪು ವೃತ್ತ ಕೂತಿದೆ, ಒದ್ದೆಯಂತೆ ಕಾಣುತ್ತದೆ.